ಬೋರಲು ಬಟ್ಟಲು

ಬಂಡೆಯ ಬೆನ್ನಿನ ಮೇಲೆ ಒಂದು ಊರು. ಮನೆ ಕಲ್ಲಿನದು, ಬೀದಿ ಕಲ್ಲಿನದು, ಮನೆಯ ಮುಂದಿನ ಸೊಂಟದೆತ್ತರದ ಗೋಡೆಯೂ ಕಲ್ಲಿನದು. ಆ ಗೋಡೆಯ ಮೇಲೆ, ಮನೆಯಲ್ಲಿ ಎಷ್ಟು ಜನವೋ ಅಷ್ಟು ಕುಂಡ. ಕುಂಡಕ್ಕೊಂದು ಕಳ್ಳಿ. ಆಳೆತ್ತರದ ಬೇಲಿಕಳ್ಳಿಯಲ್ಲ, ಅಂಗೈಯಲ್ಲಿ ಕೂರುವಂಥ ಉಂಡೆಕಳ್ಳಿ. ಮೈತುಂಬ ಮುಳ್ಳು, ನೆತ್ತಿಯಲ್ಲಿ ವರ್ಷಕ್ಕೊಮ್ಮೆ ಹೂವು.

ಬೇರೆ ಊರಲ್ಲಿ ಮನೆಮುಂದೆ ತುಳಸಿ ಇಡುತ್ತಾರೆ, ಇಲ್ಲಿ ಯಾಕೆ ಕಳ್ಳಿ ಎಂದು ಯಾರಾದರೂ ಕೇಳಿದರೆ ಹಿರಿಯರು ಹೇಳುತ್ತಿದ್ದದ್ದು ಒಂದೇ ಮಾತು: "ಕಳ್ಳಿಗೆ ಕಾಯೋದು ಗೊತ್ತು."

ಕಾಯಬೇಕಾದ್ದೂ ಇತ್ತು. ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ತನ್ನ ಕಳ್ಳಿಗೆ ತಾನು ನೀರು ಹಾಕುವಂತಿಲ್ಲ. ಒಂದೇ ಸೂರಿನಡಿ ಉಣ್ಣುವವರೂ ಹಾಕುವಂತಿಲ್ಲ. ನೀರು ಬೇರೆ ಮನೆಯ ಕೈಯಿಂದ ಬರಬೇಕು. ಯಾರ ಕೈ ಅಂತ ಕೊಟ್ಟವರು ಹೇಳಬಾರದು, ಪಡೆದವರು ನೋಡಬಾರದು.

ಹಗಲು ಹೊರಳುವ ಹೊತ್ತಿಗೆ ಗಂಟೆಯಣ್ಣ ಬಂಡೆಯ ತುದಿಯಲ್ಲಿ ನಿಂತು ಗಂಟೆ ಹೊಡೆಯುತ್ತಿದ್ದ. ಮೊದಲ ಗಂಟೆಗೆ ಬಾಗಿಲು ಮುಚ್ಚಬೇಕು, ಒಳಗಿದ್ದವರು ಗೋಡೆಗೆ ಮುಖ ಮಾಡಿ ಕೂರಬೇಕು. ನೀರು ಹಾಕುವ ಮನಸ್ಸಿದ್ದವರು ಹಿತ್ತಲಿನಿಂದ ಹೊರಟು ಹಾಕಿ ಬರಬೇಕು. ಬೀದಿಯಲ್ಲಿ ಒಬ್ಬರಿಗೊಬ್ಬರು ಎದುರಾದರೆ ಕಾಗೆ ನೋಡುವವರ ಹಾಗೆ ಆಕಾಶ ನೋಡಬೇಕು. ಎರಡನೆಯ ಗಂಟೆಗೆ ಎಲ್ಲರೂ ಬಾಗಿಲು ತೆರೆದು, ಏನೂ ಆಗಿಲ್ಲವೆಂಬಂತೆ, "ಊಟ ಆಯ್ತಾ?" ಎಂದು ಮಾತಾಡಿಸಬೇಕು.

ಹಾಗಾದರೆ ಯಾರ ಕಳ್ಳಿಗೆ ಬಾಯಾರಿದೆ ಎಂದು ತಿಳಿಯುವುದು ಹೇಗೆ? ಅದಕ್ಕೇ ಪ್ರತಿ ಕುಂಡದ ಪಕ್ಕ ಒಂದು ಮಣ್ಣಿನ ಬಟ್ಟಲು. ನೀರು ಬೇಕಾದ ದಿನ ಮನೆಯವರು ಬಟ್ಟಲನ್ನು ಬೋರಲು ಇಡುತ್ತಿದ್ದರು. ನೀರು ಹಾಕಿದವರು ಅದನ್ನು ಅಂಗಾತ ತಿರುಗಿಸಿ ಹೋಗುತ್ತಿದ್ದರು. ಅಂಗಾತ ಬಟ್ಟಲು ಕಂಡರೆ ಬೇರೆ ಯಾರೂ ಹತ್ತಿರ ಬರರು. ಬೋರಲು ಎಂದರೆ ಬೇಕು. ಅಂಗಾತ ಎಂದರೆ ಬಂತು. ಅಷ್ಟೆ.

ಕಟ್ಟಳೆ ಮುರಿದವರು ಇರಲಿಲ್ಲವೆಂದಲ್ಲ. ಊರ ಕೊನೆಯಲ್ಲಿ ಬೀಗ ಹಾಕಿದ ಮನೆಯೊಂದಿತ್ತು. ಅದರ ಗೋಡೆಯ ಮೇಲಿನ ಕಳ್ಳಿ ಕುಂಡವನ್ನೇ ಒಡೆದುಕೊಂಡು ಕುಂಬಳಕಾಯಿಯಷ್ಟು ಬೆಳೆದಿತ್ತು. ಹಚ್ಚ ಹಸಿರು. ಹೂವು ಮಾತ್ರ ಒಂದು ದಿನವೂ ಬಂದಿರಲಿಲ್ಲ. ಅದರ ಒಡೆಯ ಯಾರ ಮುಂದೆಯೂ ಬಟ್ಟಲು ಬೋರಲು ಹಾಕಲಾರೆನೆಂದು ತಾನೇ ನೀರು ಹಾಕಿಕೊಂಡವನು. ಕೊಟ್ಟ ಕೈಯನ್ನು ಕದ್ದು ನೋಡಿದರೂ ಅದೇ ಗತಿ, ಮೊಗ್ಗು ಕಟ್ಟುವುದಿಲ್ಲ ಎಂದು ಮಾತಿತ್ತು. ಆದರೆ ನೋಡಿದವರು ಯಾರೂ ಸಿಕ್ಕಿರಲಿಲ್ಲವಾದ್ದರಿಂದ ಅದು ನಿಜವೋ ಸುಳ್ಳೋ ಯಾರಿಗೂ ಗೊತ್ತಿರಲಿಲ್ಲ.

ಆ ಊರಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ದನಿ ಎಷ್ಟು ಸಣ್ಣದೆಂದರೆ, ಅವಳು ಮಾತಾಡಿದರೆ ಕೇಳುವವರು ತಮ್ಮ ಮಾತು ನಿಲ್ಲಿಸಬೇಕಿತ್ತು. ಯಾರೂ ನಿಲ್ಲಿಸುತ್ತಿರಲಿಲ್ಲ. ಹೀಗಾಗಿ ಅವಳು ನೋಡುವುದನ್ನು ಕಲಿತಿದ್ದಳು. ಯಾರ ಚಪ್ಪಲಿ ಯಾವ ಕಡೆ ಸವೆದಿದೆ, ಯಾರು ನಗುವ ಮುಂಚೆ ಮೂಗು ಮುಟ್ಟಿಕೊಳ್ಳುತ್ತಾರೆ, ಎಲ್ಲ ಅವಳಿಗೆ ಗೊತ್ತು. ಊರವರು ಅವಳನ್ನು ಸಣ್ಣದನಿಯವಳು ಎಂದೇ ಕರೆಯುತ್ತಿದ್ದರು.

ಅವಳಿಗೆ ಬಹಳ ಕಾಲ ಕಳ್ಳಿ ಇರಲಿಲ್ಲ. ಓರಗೆಯ ಮಕ್ಕಳಿಗೆಲ್ಲ ಯಾರದೋ ಕಳ್ಳಿಯ ಮರಿ ಸಿಕ್ಕಿ, ಹೂವೂ ಬಿಟ್ಟಿತ್ತು. ಇವಳ ಅಜ್ಜಿ ಮಾತ್ರ, "ನನ್ನ ಮೊಮ್ಮಗಳಿಗೆ ನನ್ನ ಮರಿಯೇ ಆಗಬೇಕು" ಎಂದು ಹಠ ಹಿಡಿದಿದ್ದಳು. ಅಜ್ಜಿಯ ಕಳ್ಳಿ ಅಜ್ಜಿಯಷ್ಟೇ ಬಿಗಿ. ಅದರ ಹೂವಿನ ಬಣ್ಣ ಊರಲ್ಲಿ ಇನ್ನೊಂದಕ್ಕೆ ಇರಲಿಲ್ಲ. ಹಣ್ಣಾದ ಸೀಬೆಕಾಯನ್ನು ಹೋಳು ಮಾಡಿದರೆ ಒಳಗೆ ಕಾಣುತ್ತದಲ್ಲ, ಆ ಬಣ್ಣ. ಆದರೆ ಮರಿ ಹಾಕದ ಕಳ್ಳಿ ಅದು. ಅಜ್ಜಿ ಕಾದಳು, ಹುಡುಗಿ ಕಾದಳು. ಅಜ್ಜಿ ಹಾಸಿಗೆ ಹಿಡಿದ ವರ್ಷ ಅದರ ಸೊಂಟದಲ್ಲಿ ಹುಣಸೆಬೀಜದಷ್ಟು ದೊಡ್ಡದೊಂದು ಮರಿ ಮೂಡಿತು.

ಅಜ್ಜಿ ಅದನ್ನು ತನ್ನ ಕೈಯಾರೆ ಮುರಿದು ಮೊಮ್ಮಗಳ ಅಂಗೈಯಲ್ಲಿಟ್ಟಳು.

"ಚುಚ್ಚುತ್ತಾ?"

"ಇಲ್ಲಜ್ಜಿ."

"ಸುಳ್ಳಿ. ಚುಚ್ಚಿದ್ರೆ ಚುಚ್ಚುತ್ತೆ ಅನ್ನಬೇಕು ಕಣೇ."

ಆಮೇಲೆ ತನ್ನ ಬಟ್ಟಲನ್ನೂ ಕೊಟ್ಟಳು. ಅಂಚು ಸವೆದು ನುಣುಪಾದ ಬಟ್ಟಲು. ಅಜ್ಜಿ ಹೋದ ದಿನ, ಊರ ಪದ್ಧತಿಯಂತೆ, ಅವಳ ಕಳ್ಳಿಯೂ ಅವಳ ಜೊತೆಗೆ ಮಣ್ಣಿಗೆ ಹೋಯಿತು. ಸೀಬೆಬಣ್ಣದ ಹೂವು ಇನ್ನು ಆ ಊರಲ್ಲಿ ಅರಳುವುದಾದರೆ ಈ ಹುಣಸೆಬೀಜದಷ್ಟು ಮರಿಯಿಂದಲೇ ಅರಳಬೇಕು. ಇದು ಹೋದರೆ ಆ ಬಣ್ಣವೂ ಹೋಯಿತು.

ಮರಿ ಬೇರು ಬಿಟ್ಟಿತು. ನೆಲ್ಲಿಕಾಯಿಯಷ್ಟಾಯಿತು, ನಿಂಬೆಹಣ್ಣಿನಷ್ಟಾಯಿತು. ಬೇರು ಹಿಡಿಯುವವರೆಗೆ ಮನೆಯ ಒಳಗಿಟ್ಟುಕೊಳ್ಳಬಹುದು, ಆಮೇಲೆ ಬೀದಿಯ ಗೋಡೆಯ ಮೇಲೆ ಇಡಬೇಕು. ಹುಡುಗಿ ಇಟ್ಟಳು. ಬಟ್ಟಲನ್ನು ಮಾತ್ರ ಇಡಲಿಲ್ಲ.

"ಬಟ್ಟಲು ಎಲ್ಲೇ?" ಎಂದಳು ಅಮ್ಮ.

"ಇಡ್ತೀನಿ."

"ಯಾವಾಗ?"

"ನಾಳೆ."

ಆ ನಾಳೆ ಬರಲಿಲ್ಲ. ಹುಡುಗಿ ದಿನವೂ ಬಟ್ಟಲನ್ನು ಗೂಡಿನಿಂದ ತೆಗೆಯುವಳು, ಸೆರಗಿನಲ್ಲಿ ಒರೆಸುವಳು, ಹೊಸಿಲವರೆಗೆ ಹೋಗುವಳು, ತಿರುಗಿ ಬರುವಳು. ಬೋರಲು ಇಟ್ಟರೆ ಬೇಕು ಎಂದ ಹಾಗೆ. ಬೀದಿಗೆಲ್ಲ ಕೇಳುವ ಹಾಗೆ. ಎರಡನೆಯ ಗಂಟೆ ಹೊಡೆದು ಬಾಗಿಲು ತೆರೆದಾಗ ಅದು ಬೋರಲಾಗಿಯೇ ಬಿದ್ದಿದ್ದರೆ? ಸಂಜೆಯವರೆಗೂ ಹಾಗೇ ಬಿದ್ದಿದ್ದರೆ? ಎಲ್ಲರೂ ನೋಡುತ್ತಾ ಹೋದರೆ? ಕೇಳದೆ ಇದ್ದರೆ ಕೊಡಲಿಲ್ಲ ಎನ್ನುವಂತಿಲ್ಲ. ಅಷ್ಟು ಸಮಾಧಾನವಾದರೂ ಇರುತ್ತದೆ.

"ಅಳದ ಕೂಸಿಗೆ ತಾಯಿನೂ ಹಾಲು ಕೊಡಲ್ಲ ಅಂತಾರೆ," ಎಂದಳು ಅಮ್ಮ.

"ನಾನು ಅಳ್ತಾನೇ ಇರ್ಲಿಲ್ಲ ಅಂತೀಯ. ಆದ್ರೂ ಕೊಟ್ಟಿದೀಯಲ್ಲಮ್ಮ."

"ಅದೇ ನಾನು ಮಾಡಿದ ತಪ್ಪು."

ಕೇಳುವುದಷ್ಟೇ ಅಲ್ಲ, ಬೇಡವೆನ್ನುವುದೂ ಅವಳಿಗೆ ಬರುತ್ತಿರಲಿಲ್ಲ. ಆ ಊರಲ್ಲಿ ಯಾರದಾದರೂ ಕಳ್ಳಿ ಮೊದಲ ಹೂವು ಬಿಟ್ಟರೆ ಅವರು ಬೀದಿಗೆಲ್ಲ ಊಟ ಹಾಕಬೇಕು. ಅಂಥ ಊಟದಲ್ಲಿ ಪಾಯಸದ ಸೌಟು ಯಾವಾಗಲೂ ಎದುರುಮನೆಯ ಅತ್ತೆಯ ಕೈಯಲ್ಲಿ. ಅತ್ತೆಗೆ ಬಾಯಿ ಜೋರು, ಕೈ ಅದಕ್ಕಿಂತ ಜೋರು. ಪಂಕ್ತಿಯಲ್ಲಿ ಬೇಕಾದವರು ಬೇಕೆನ್ನುವರು, ಬೇಡದವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುವರು. ಸಣ್ಣದನಿಯವಳು ಅಂಗೈ ಅಡ್ಡ ಹಿಡಿಯಬೇಕೆಂದು ಮಡಿಲಲ್ಲಿ ಕೈ ತೆರೆದು ಮುಚ್ಚಿ ಮಾಡುವಷ್ಟರಲ್ಲಿ ಸೌಟು ಬಂದು ಹೋಗಿರುತ್ತಿತ್ತು. ಮತ್ತೆ ಬರುತ್ತಿತ್ತು. ಮತ್ತೆ. ಪಾಯಸ ಎಲೆಯ ಅಂಚು ದಾಟಿ ನೆಲಕ್ಕೆ ಹರಿಯುತ್ತಿತ್ತು. ಅವಳು ಬಗ್ಗಿ ಅದನ್ನು ಸಾರಿನ ಕಡೆ ಹೋಗದಂತೆ ಅನ್ನದ ಕಟ್ಟೆ ಕಟ್ಟಿ ತಡೆಯುತ್ತಿದ್ದಳು. ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು.

"ಪಾಪ, ಆ ಮಗೂಗೆ ಪಾಯಸ ಅಂದ್ರೆ ಪ್ರಾಣ," ಎನ್ನುತ್ತಿದ್ದಳು ಅತ್ತೆ, ಎಲ್ಲರ ಮುಂದೆ.

ಬೇಸಿಗೆ ಬಲಿಯಿತು. ಹುಡುಗಿಯ ಕಳ್ಳಿ ಮೊದಲು ಉಬ್ಬಿತು. ಮುಳ್ಳುಗಳ ನಡುವೆ ಮೈ ಹಿಗ್ಗಿ ಹೊಳೆಯಿತು. ಅವಳು ಹಿಗ್ಗಿದಳು. ಆಮೇಲೆ ಹಸಿರು ತಿಳಿಯಾಯಿತು. ತಿಳಿಹಸಿರು ಹಳದಿಯಾಯಿತು. ಕೊನೆಗೊಂದು ದಿನ ಅದು ಒಂದು ಕಡೆಗೆ ವಾಲಿತು, ಯಾರದೋ ಮಾತಿಗೆ ಕಿವಿಗೊಟ್ಟ ಹಾಗೆ.

ತನ್ನ ಕಳ್ಳಿಯ ಮಣ್ಣನ್ನು ತಾನು ಮುಟ್ಟಬಾರದು. ಕಣ್ಣಿಗೆ ಕಾಣುತ್ತಿದ್ದದ್ದು ಮೇಲೆ ಹರಡಿದ ಬೆಣಚುಕಲ್ಲು ಮಾತ್ರ. ಆ ಬಿಸಿಲಿಗೆ ಎಷ್ಟು ನೀರು ಬಿದ್ದರೂ ಬೆಣಚುಕಲ್ಲು ಎರಡನೆಯ ಗಂಟೆಯ ಹೊತ್ತಿಗೆ ಬಿಳುಚಿಕೊಂಡು ಒಣಗಿರುತ್ತಿತ್ತು. ಹುಡುಗಿ ದಿನವೂ ಬಾಗಿಲು ತೆರೆದು ಒಣಗಿದ ಕಲ್ಲನ್ನು ನೋಡುವಳು.

"ಯಾರೂ ಹಾಕಿಲ್ಲ," ಎಂದುಕೊಳ್ಳುವಳು.

ಬೀದಿಯಲ್ಲಿ ಜನ ಎಂದಿನಂತೆ ಇದ್ದರು. ಬಳೆತಾತ ಬಳೆಯ ಮಲಾರ ಹೊತ್ತು ಹೋಗುತ್ತಾ, "ಏನವ್ವಾ, ಚೆನ್ನಾಗಿದೀಯಾ?" ಎನ್ನುವನು. ಕುಂಬಾರಮಾವ ತಿಗರಿಯಿಂದ ತಲೆಯೆತ್ತಿ ನಗುವನು, ಮೂಗು ಮುಟ್ಟಿಕೊಂಡು. ಅತ್ತೆ ಗೋಡೆಯಾಚೆಯಿಂದ, "ಯಾಕೆ ಮುಖ ಬದನೆಕಾಯಿ ಮಾಡ್ಕೊಂಡಿದೀಯ?" ಎನ್ನುವಳು. ಇವರಲ್ಲಿ ಒಬ್ಬರಿಗಾದರೂ ತನ್ನ ಕಳ್ಳಿ ಕಾಣುವುದಿಲ್ಲವೇ ಎಂದು ಹುಡುಗಿಗೆ ಅನ್ನಿಸುವುದು. ಕೋಪ ಬರುತ್ತಿರಲಿಲ್ಲ. ತಾನು ಅಷ್ಟೇ ಕಾಣುವವಳು ಎಂದುಕೊಳ್ಳುವಳು.

ಕಳ್ಳಿ ಇನ್ನಷ್ಟು ವಾಲಿದ ದಿನ ಅವಳು ಊರ ಕೊನೆಯ ಮನೆಯವರೆಗೆ ನಡೆದು ಹೋದಳು. ಕುಂಬಳಕಾಯಿಯಂಥ ಆ ಕಳ್ಳಿಯ ಮುಂದೆ ನಿಂತಳು. ಹೂವಿಲ್ಲ, ನಿಜ. ಆದರೆ ಬದುಕಿತ್ತು. ಅವಳು ಬಹಳ ಹೊತ್ತು ನೋಡಿದಳು. ಹೂವು ಬಿಡದಿದ್ದರೆ ಬೇಡ, ಬಣ್ಣ ಒಳಗೇ ಇರಲಿ, ಇದು ಬದುಕಿರಲಿ. ಅಜ್ಜಿಯ ಕೈ ಮುಟ್ಟಿದ್ದು ಒಂದು ಬದುಕಿರಲಿ. ಹೀಗೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಳು.

ಮರುದಿನ ಮೊದಲ ಗಂಟೆ ಹೊಡೆಯಿತು. ಅಮ್ಮ ಗೋಡೆಗೆ ಮುಖ ಮಾಡಿ ಕೂತಳು. ಹುಡುಗಿ ಒಂದು ಚೊಂಬಿನಲ್ಲಿ ನೀರು ತೆಗೆದುಕೊಂಡು ಬಾಗಿಲು ಓರೆ ಮಾಡಿದಳು. ಅಮ್ಮನಿಗೆ ಕೇಳಿಸಿತು. ಅಮ್ಮ ತಿರುಗಲಿಲ್ಲ. "ಬಿಸಿಲಿದೆ, ತಲೆ ಮೇಲೆ ಸೆರಗು ಹಾಕ್ಕೊ" ಎಂದಳು ಅಷ್ಟೆ.

ಹುಡುಗಿ ಅಂಗಳ ದಾಟಿ ಗೋಡೆಯ ಹತ್ತಿರ ಬರುವಷ್ಟರಲ್ಲಿ ಬೀದಿಯಲ್ಲಿ ಹೆಜ್ಜೆಯ ಸದ್ದಾಯಿತು. ಗೋಡೆಗೆ ಒತ್ತಿದ ಹಾಗೆ ಎಮ್ಮೆ ನೀರು ಕುಡಿಯುವ ಕಲ್ಲುಬಾನಿ ಇತ್ತು. ಅವಳು ಚೊಂಬು ಅವಚಿಕೊಂಡು ಅದರ ಹಿಂದೆ ಕುಕ್ಕರಿಸಿದಳು.

ಬಂದವಳು ಎದುರುಮನೆಯ ಅತ್ತೆ. ಸೆರಗಿನ ಕೆಳಗಿಂದ ಚೊಂಬು ತೆಗೆದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕಳ್ಳಿಗೆ ಹೇಳಿದಳು: "ನಿನ್ನೊಡತಿಗೂ ಬಾಯಿಲ್ಲ, ನಿನಗೂ ಬಾಯಿಲ್ಲ. ಬಟ್ಟಲೂ ಇಟ್ಟಿಲ್ಲ ನೋಡು ನಿನ್ನ ಪಕ್ಕ. ನಾನಲ್ಲದೆ ಇನ್ನು ಯಾರು ಹಾಕ್ತಾರೆ ನಿನಗೆ? ಕುಡಿ." ಧಾರಾಳವಾಗಿ ಸುರಿದಳು, ಪಾಯಸ ಬಡಿಸಿದ ಹಾಗೆ. ಹೋದಳು.

ಹಾಗಾದರೆ ಹಾಕುತ್ತಿದ್ದರು. ಹಾಕುವವರೊಬ್ಬರು ಇದ್ದರು. ಹುಡುಗಿ ಏಳಬೇಕೆಂದು ಬಾನಿಯ ಅಂಚು ಹಿಡಿದಳು. ಅಷ್ಟರಲ್ಲಿ ಇನ್ನೊಂದು ಹೆಜ್ಜೆಯ ಸದ್ದು. ಎಡಗಡೆ ಸವೆದ ಚಪ್ಪಲಿಯದು. ಬಳೆತಾತ.

ತಾತ ಮಲಾರವನ್ನು ಇಳಿಸಿ, ಬಳೆಗಳ ನಡುವಿನಿಂದ ಸಣ್ಣ ಗಿಂಡಿ ತೆಗೆದ. "ಕೇಳೋಕೆ ಬರಲ್ಲ ಆ ಮಗೂಗೆ," ಎಂದ ಕಳ್ಳಿಗೆ. "ನಾನಲ್ಲದೆ ಯಾರು ಹಾಕ್ತಾರೆ ನಿನಗೆ?" ನಿಧಾನವಾಗಿ, ಗಿಂಡಿ ಬರಿದಾಗುವವರೆಗೆ ಹಾಕಿದ.

ಆಮೇಲೆ ಗಂಟೆಯಣ್ಣ ಬಂದ. ಗಂಟೆ ಬಿಟ್ಟು ಬರಬಾರದವನು, ಬಂಡೆಯ ತುದಿಯಿಂದ ಬೊಗಸೆಯಲ್ಲಿ ನೀರು ಹಿಡಿದು ಓಡಿ ಬಂದಿದ್ದ. ಅರ್ಧ ದಾರಿಯಲ್ಲೇ ಸೋರಿತ್ತು. ಉಳಿದದ್ದನ್ನು ಕಳ್ಳಿಯ ಮೇಲೆ ಕೊಡವಿ, ಏದುತ್ತ, "ನಾನಲ್ಲದೆ ಯಾರು," ಎಂದು ಅಷ್ಟೇ ಹೇಳಿ ತಿರುಗಿ ಓಡಿದ.

ಒಬ್ಬರು ಬಂದಾಗ ಇನ್ನೊಬ್ಬರು ಓಣಿಯ ತಿರುವಿನಲ್ಲಿ ಆಕಾಶ ನೋಡುತ್ತಾ ನಿಂತಿರುತ್ತಿದ್ದರು. ಎದುರಿದ್ದವರು ಬೇರೆ ಯಾವುದೋ ಮನೆಗೆ ಹೋಗುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಬಟ್ಟಲು ಇದ್ದಿದ್ದರೆ ಮೊದಲು ಬಂದವರು ಅಂಗಾತ ತಿರುಗಿಸಿ ಹೋಗುತ್ತಿದ್ದರು. ಅದು ಇರಲಿಲ್ಲ. ಬಂತು ಎಂದು ಹೇಳುವ ಗುರುತು ಇರಲಿಲ್ಲ. ಮಾತಾಡಿ ಕೇಳುವಂತೆಯೂ ಇರಲಿಲ್ಲ.

ಬಾನಿಯ ಹಿಂದೆ ಕೂತ ಹುಡುಗಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಅವಳ ಕಳ್ಳಿ ಬಾಯಾರಿ ಒಣಗುತ್ತಿರಲಿಲ್ಲ. ಪಂಕ್ತಿಯಲ್ಲಿ ಕೂತ ತನ್ನ ಹಾಗೆಯೇ, ಬೇಡವೆನ್ನಲಾರದೆ ಕುಡಿದು ಕುಡಿದು ಬುಡದಲ್ಲಿ ಕೊಳೆಯುತ್ತಿತ್ತು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡಕ್ಕೂ ಸದ್ದು ಮಾಡುವಂತಿರಲಿಲ್ಲವಾದ್ದರಿಂದ ಸೆರಗು ಕಚ್ಚಿಕೊಂಡಳು.

ಆಗ ಬಂದ ಕುಂಬಾರಮಾವ. ಅವನ ಕೈಯಲ್ಲಿದ್ದದ್ದು ಗಿಂಡಿಯಲ್ಲ, ಚೊಂಬಲ್ಲ, ತುಂಬಿದ ಮಡಕೆ. ಮಡಕೆ ಮಾಡುವವನಿಗೆ ಮಡಕೆಯೇ ಅಳತೆ. ಅವನು ಮೂಗು ಮುಟ್ಟಿಕೊಂಡು ನಕ್ಕು, "ನಾನಲ್ಲದೆ..." ಎಂದು ಶುರು ಮಾಡಿದ. ಮಡಕೆ ವಾಲಿತು.

ಹುಡುಗಿ ಎದ್ದಳು. ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಗೋಡೆಯ ಮೇಲೆ ಬಗ್ಗಿ ಕಳ್ಳಿಯ ಮೇಲೆ ಅಂಗೈ ಅಡ್ಡ ಹಿಡಿದಳು, ಎಲೆಯ ಮೇಲೆ ಹಿಡಿಯುವ ಹಾಗೆ. ಮುಳ್ಳು ಚುಚ್ಚಿತು. ನೀರು ಅವಳ ಕೈಯ ಮೇಲೆ ಬಿದ್ದು ಗೋಡೆಯಿಂದ ಬೀದಿಗೆ ಹರಿಯಿತು.

ಕುಂಬಾರಮಾವ ಗಾಬರಿಯಾಗಿ, ಪದ್ಧತಿ ಬಿಡದೆ, ತಟ್ಟನೆ ಆಕಾಶ ನೋಡಿದ.

"ಮಾವ, ಆಕಾಶ ನೋಡಬೇಡಿ. ನನ್ನ ನೋಡಿ."

ಅವನು ನೋಡಿದ. ಅವನ ಮುಖ ಸಣ್ಣದಾಯಿತು. "ನನ್ನ ನೀರು ಬೇಡವಾ ತಾಯಿ?"

ಇದೇ ಅವಳು ಇಷ್ಟು ದಿನ ಹೆದರಿದ್ದು. ಬೇಡವೆಂದರೆ ಮುಖ ಹೀಗಾಗುತ್ತದೆ ಎಂದು.

"ಬೇಕು ಮಾವ. ಯಾವಾಗಲೂ ಬೇಕು. ಇವತ್ತು ಬೇಡ. ಇದರ ಹೊಟ್ಟೆ ತುಂಬಿದೆ."

"ಯಾರೂ ಹಾಕಲ್ಲ ಅಂದ್ಕೊಂಡು ನಾನು..."

"ಎಲ್ಲರೂ ಹಾಕ್ತಿದೀರ."

ಅವಳ ದನಿ ಎಂದಿನಷ್ಟೇ ಸಣ್ಣದು. ಆದರೆ ಆ ಹೊತ್ತಿನಲ್ಲಿ ಊರೆಲ್ಲ ಬಾಗಿಲು ಮುಚ್ಚಿ ಮೌನವಾಗಿತ್ತು. ಮೊದಲ ಸಲ ಅದು ಬೀದಿಯ ಆ ತುದಿಯವರೆಗೆ ಕೇಳಿಸಿತು. ಓಣಿಯ ತಿರುವಿನಿಂದ ಬಳೆತಾತ ಇಣುಕಿದ. ಎದುರುಮನೆಯ ಬಾಗಿಲು ಕಿರ್ರೆಂದಿತು.

"ನೀನೂ ಹಾಕ್ತಿದ್ಯೇನೋ?" ಎಂದಳು ಅತ್ತೆ ಕುಂಬಾರನಿಗೆ.

"ನೀನೂನಾ?"

"ನಾನು ಒಂದು ಚೊಂಬು. ನೀನು ಮಡಕೆಗಟ್ಟಲೆ ಸುರಿದ್ಯಲ್ಲೋ, ಇದೇನು ಕಳ್ಳಿಯೋ, ಎಮ್ಮೆಯೋ?"

"ನಾನು ಗಿಂಡಿಯಲ್ಲಿ ಹಾಕಿದ್ದು," ಎಂದ ಬಳೆತಾತ, ತಾನೊಬ್ಬನೇ ಹದ ಬಲ್ಲವನ ಹಾಗೆ.

"ದಿನಾ ಹಾಕಿದ್ರೆ ಗಿಂಡಿಯಾದ್ರೇನು, ಕೊಡವಾದ್ರೇನು ತಾತ," ಎಂದ ಕುಂಬಾರಮಾವ.

ಗಂಟೆಯಣ್ಣನೂ ಬಂದು ಸೇರಿದ. ಅವನು ಮಾತ್ರ ಜಗಳಕ್ಕೆ ಬರಲಿಲ್ಲ. ಹುಡುಗಿಯ ಮುಖ ನೋಡಿ, ಮೆಲ್ಲಗೆ, "ಕೊಟ್ಟ ಕೈ ನೋಡಿಬಿಟ್ಟೆಯಲ್ಲೇ ತಾಯಿ," ಎಂದ. "ಇನ್ನು ಹೂವು..." ಅಲ್ಲಿಗೆ ನಿಲ್ಲಿಸಿದ. ಸೀಬೆಬಣ್ಣ ಎಲ್ಲರಿಗೂ ನೆನಪಿತ್ತು.

"ಗೊತ್ತು ಅಣ್ಣ," ಎಂದಳು ಹುಡುಗಿ. "ಬದುಕಿದ್ರೆ ಆಯ್ತು." ಆಮೇಲೆ ಎದುರುಮನೆಯ ಕಡೆ ತಿರುಗಿದಳು. ತುಟಿ ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲಕ್ಕೆ ಮಾತು ಬಂತು. "ಅತ್ತೆ, ನಾನು ಇದರ ಮಣ್ಣು ಮುಟ್ಟೋ ಹಾಗಿಲ್ಲ. ನಿಮ್ಮ ಕೈ ಬೇಕು."

ಅವಳು ಹುಟ್ಟಿದಾಗಿನಿಂದ ಯಾರನ್ನಾದರೂ ಏನಾದರೂ ಕೇಳಿದ್ದು ಅದೇ ಮೊದಲು.

ಅತ್ತೆ ಈಳಿಗೆಮಣೆ ತಂದಳು. ಕಳ್ಳಿಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿದಳು. ಮಣ್ಣು ಕೆಸರಾಗಿತ್ತು. ಬೇರು ಕೈಗೆ ಬಾರದೆ ಕರಗಿತ್ತು. ಬುಡ ಕಂದುಬಣ್ಣಕ್ಕೆ ತಿರುಗಿ ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಅತ್ತೆ ಬದನೆಕಾಯಿ ಹೆಚ್ಚುವವಳ ಹಾಗೆ ಕೊಳೆತದ್ದನ್ನು ಒಂದೊಂದೇ ಬಿಲ್ಲೆಯಾಗಿ ಕೊಯ್ದಳು. ಒಂದು ಬಿಲ್ಲೆ ಬಿತ್ತು, ಕಂದು. ಇನ್ನೊಂದು ಬಿತ್ತು, ಕಂದು. ಮತ್ತೊಂದು ಬಿತ್ತು, ನಡುವೆ ಮಾತ್ರ ಕಂದು. ಪ್ರತಿ ಬಿಲ್ಲೆಗೂ ಹುಡುಗಿ ಕಣ್ಣು ಮುಚ್ಚಿ ತೆರೆಯುವಳು. ನಿಂಬೆಹಣ್ಣಿನಷ್ಟಿದ್ದದ್ದು ನೆಲ್ಲಿಕಾಯಿಯಷ್ಟಾಯಿತು. ಕೊನೆಯ ಬಿಲ್ಲೆಯ ಹಿಂದೆ, ಎಳೆಸೌತೆಯಂಥ ಶುಭ್ರವಾದ ಬಿಳಿಹಸಿರು ಕಾಣಿಸಿತು.

"ಇಲ್ಲಿಂದ ಮೇಲೆ ಜೀವ ಇದೆ," ಎಂದಳು ಅತ್ತೆ. ಹಣೆಯ ಬೆವರನ್ನು ಮೊಣಕೈಯಲ್ಲಿ ಒರೆಸಿಕೊಂಡಳು. ಅಮ್ಮ ಒಲೆಯಿಂದ ತಣ್ಣಗಿನ ಬೂದಿ ತಂದು ಕೊಟ್ಟಳು. ಕೊಯ್ದ ಗಾಯಕ್ಕೆ ಅತ್ತೆ ಅದನ್ನು ಒತ್ತಿದಳು. "ಈಗ ಇದಕ್ಕೆ ಮಣ್ಣೂ ಬೇಡ, ನೀರೂ ಬೇಡ. ಗಾಯ ಒಣಗಿ ಚರ್ಮ ಕಟ್ಟಬೇಕು. ಅಲ್ಲಿವರೆಗೆ ಯಾರೂ ಏನೂ ಮಾಡಬಾರದು."

"ಏನೂ ಅಂದ್ರೆ?" ಎಂದ ಕುಂಬಾರಮಾವ.

"ಏನೂ ಅಂದ್ರೆ ಏನೂ."

ಆ ಊರಿಗೆ ಅದಕ್ಕಿಂತ ಕಷ್ಟದ ಕೆಲಸ ಬಂದಿರಲಿಲ್ಲ. ಕೊಡುವುದು ಅವರಿಗೆ ಗೊತ್ತಿತ್ತು. ಕೊಡದೆ ಕೂರುವುದು ಗೊತ್ತಿರಲಿಲ್ಲ.

ಹುಡುಗಿ ಕಳ್ಳಿಯ ತುಣುಕನ್ನು ಒಂದು ಮೊರದ ಮೇಲೆ, ಜಗಲಿಯ ನೆರಳಿನಲ್ಲಿ ಇಟ್ಟಳು. ಪಕ್ಕದಲ್ಲಿ ಬಟ್ಟಲನ್ನೂ ಇಟ್ಟಳು, ಅಂಗಾತ. ದಿನವೂ ಹಗಲು ಹೊರಳುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು, ಬಾಗಿಲುಗಳು ಮುಚ್ಚುತ್ತಿದ್ದವು. ಕೊಡುವುದೇ ಇಲ್ಲದ ಮೇಲೆ ಮುಖ ತಿರುಗಿಸಬೇಕಾಗಿರಲಿಲ್ಲವಾದ್ದರಿಂದ ಹುಡುಗಿ ಮೊರದ ಪಕ್ಕದಲ್ಲೇ ಕೂತಿರುವಳು. ಅಭ್ಯಾಸ ಬಲದಿಂದ ಅವರು ಬರುತ್ತಿದ್ದರು. ಬಳೆತಾತ ಬರಿದಾದ ಗಿಂಡಿ ಹಿಡಿದು ಬರುವನು. ಕುಂಬಾರಮಾವ ಬರಿದಾದ ಮಡಕೆ ಹಿಡಿದು ಬರುವನು. ಗಂಟೆಯಣ್ಣ ಬರಿದಾದ ಬೊಗಸೆ ಹಿಡಿದು ಬರುವನು. ಮೊರದ ಸುತ್ತ ನಿಲ್ಲುವರು. ಏನೂ ಹಾಕರು. ನೋಡುವರು, ನಿಟ್ಟುಸಿರು ಬಿಡುವರು, ಹೋಗುವರು.

"ಏನು ಹಂಗೆ ನೋಡ್ತೀರ, ಹೆಣ್ಣು ನೋಡೋಕೆ ಬಂದವರ ಹಾಗೆ," ಎಂದು ಅತ್ತೆ ಗದರುವಳು. ತಾನೂ ಅಲ್ಲೇ ನಿಂತಿರುವಳು.

ಒಂದು ದಿನ ಬಳೆತಾತ ಗಿಂಡಿಯಲ್ಲಿ ನೀರು ತಂದು ಬಾಗಿಸುತ್ತ, "ಒಂದೇ ಒಂದು ಹನಿ," ಎಂದ. ಹುಡುಗಿ ಮಾತಾಡದೆ ಅಂಗೈ ಅಡ್ಡ ಹಿಡಿದಳು. ತಾತ ನಾಚಿಕೊಂಡು, ಆ ಅಂಗೈಯನ್ನೇ ಹಿಡಿದು ನೋಡಿ, ಮಲಾರದಿಂದ ಅವಳ ಅಳತೆಯ ಎರಡು ಗಾಜಿನ ಬಳೆ ತೆಗೆದು ತೊಡಿಸಿದ. "ಕೈಯಲ್ಲಿ ತಂದದ್ದು ಎಲ್ಲಾದರೂ ಕೊಡಲೇಬೇಕಲ್ಲವ್ವ," ಎಂದ.

ಗಾಯ ಒಣಗಿ ಚರ್ಮ ಕಟ್ಟಿತು. ಚರ್ಮದಿಂದ ಕೂದಲೆಳೆಯಂಥ ಬೇರು ಇಣುಕಿತು. ಕುಂಬಾರಮಾವ ಹೊಸ ಕುಂಡ ಮಾಡಿ ತಂದ. ತೆಳ್ಳಗಿನ ಹಸಿಮಣ್ಣು ಸುಟ್ಟದ್ದು, ಬುಡದಲ್ಲಿ ದೊಡ್ಡ ತೂತು. "ಇದು ಹೆಚ್ಚಾದದ್ದನ್ನು ಇಟ್ಟುಕೊಳ್ಳಲ್ಲ," ಎಂದ. ಅತ್ತೆ ಅದರಲ್ಲಿ ಮರಳು ತುಂಬಿ ತುಣುಕನ್ನು ಕೂರಿಸಿದಳು. ಬಹಳ ದಿನಗಳಾದ ಮೇಲೆ ಅದನ್ನು ಬೆರಳಲ್ಲಿ ಮೆಲ್ಲಗೆ ಅಲುಗಿಸಿ ನೋಡಿದಳು. ಅಲುಗಲಿಲ್ಲ.

"ಹಿಡಿದಿದೆ," ಎಂದಳು.

ಹೂವಿನ ಕಾಲ ಬಂತು. ಬೀದಿಯ ಗೋಡೆಗಳ ಮೇಲೆಲ್ಲ ಹಳದಿ, ಬಿಳಿ, ಕೆಂಪು. ಸಣ್ಣದನಿಯವಳ ಕಳ್ಳಿ ಹಸಿರಾಗಿ, ನೇರವಾಗಿ ಕೂತಿತ್ತು. ಹೂವಿರಲಿಲ್ಲ. ಊರವರು ಅದರ ಮುಂದೆ ಹಾಯುವಾಗ ಆಕಾಶ ನೋಡುತ್ತಿದ್ದರು. ಕೊಟ್ಟ ಕೈ ನೋಡಿದ ಹುಡುಗಿ, ಇನ್ನೇನು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೂವುಗಳೆಲ್ಲ ಮುದುಡಿ ಉದುರಿದವು.

ಉದುರಿದ ಮೇಲೆ, ಯಾರೂ ನೋಡದ ಹೊತ್ತಿನಲ್ಲಿ, ಅವಳ ಕಳ್ಳಿಯ ನೆತ್ತಿಯ ಪಕ್ಕ ಜೋಳದ ಕಾಳಿನಷ್ಟು ಏನೋ ಮೂಡಿತು. ಮರಿಯಿರಬಹುದು ಎಂದುಕೊಂಡಳು ಹುಡುಗಿ. ಮರಿಯಾದರೆ ಮುಳ್ಳು ಇರಬೇಕು. ಇದರ ತುದಿ ಚೂಪಾಗಿತ್ತು, ನುಣುಪಾಗಿತ್ತು, ಬಣ್ಣ ಬಿಟ್ಟುಕೊಟ್ಟಿರಲಿಲ್ಲ. ಅಮ್ಮನನ್ನು ಕರೆದು ತೋರಿಸಿದಳು. ಅಮ್ಮ ಬಗ್ಗಿ ನೋಡಿದಳು. ಮೇಲೆದ್ದು ಅಡುಗೆಮನೆಗೆ ಹೋಗಿ ಇಲ್ಲದ ಕೆಲಸ ಹುಡುಕಿ ಮಾಡತೊಡಗಿದಳು.

ಮೊಗ್ಗು ದಪ್ಪವಾದಂತೆ ಕಳ್ಳಿಯ ಮೈ ಕೊಂಚ ಸುಕ್ಕಾಯಿತು. ಈಗ ಅದಕ್ಕೆ ನಿಜವಾಗಿ ಬಾಯಾರಿತ್ತು. ಹುಡುಗಿ ಕುಂಡದ ಪಕ್ಕ ಅಂಗಾತವಾಗಿದ್ದ ಅಜ್ಜಿಯ ಬಟ್ಟಲನ್ನು ಎತ್ತಿಕೊಂಡಳು. ಸೆರಗಿನಲ್ಲಿ ಒರೆಸಿದಳು. ಅಂಚು ಕಲ್ಲಿಗೆ ತಾಗಿ ಸವೆದ ಕಡೆ ಬೆರಳಾಡಿಸಿದಳು. ಅಜ್ಜಿ ಎಷ್ಟು ಸಲ ಕೇಳಿರಬೇಕು ಇಷ್ಟು ಸವೆಯಬೇಕಾದರೆ ಎಂದು ಅವಳಿಗೆ ಆಗ ಹೊಳೆಯಿತು. ಬೀದಿಯಲ್ಲಿ ಜನ ಇದ್ದರು. ಇರುವಾಗಲೇ ಬಟ್ಟಲನ್ನು ಬೋರಲು ಇಟ್ಟಳು.

ಮೊದಲ ಗಂಟೆ ಹೊಡೆಯಿತು. ಅವಳು ಅಮ್ಮನ ಪಕ್ಕ ಗೋಡೆಗೆ ಮುಖ ಮಾಡಿ ಕೂತಳು.

ಹೊರಗೆ ಹೆಜ್ಜೆಯ ಸದ್ದಾಯಿತು. ಒಂದಲ್ಲ, ಹಲವು. ಎಲ್ಲವೂ ಗೋಡೆಯ ಹತ್ತಿರ ಬಂದು ನಿಂತವು. ನೀರಿನ ಸದ್ದಿಲ್ಲ. ಪಿಸುಮಾತು.

"ನೀವು ಹಾಕಿ ತಾತ."

"ಅಯ್ಯೋ, ನಾನು ಹಾಕಿದ್ರೆ ಜಾಸ್ತಿ ಆಗಿಬಿಟ್ಟರೆ? ನೀನೇ ಹಾಕು."

"ನನ್ನ ಹತ್ರ ಇರೋದು ಮಡಕೆ."

"ಮತ್ತೆ ಮಡಕೆ ತಂದ್ಯಾ? ನಿನ್ನ ತಲೆ ಮೇಲೆ ಸುರ್ಕೋ."

"ಮೆಲ್ಲಗೆ ಮಾತಾಡೇ, ಒಳಗೆ ಕೇಳುತ್ತೆ. ಯಾರು ಅಂತ ಗೊತ್ತಾಗಬಾರದು."

ಒಳಗೆ ಅಮ್ಮ ಮೊಣಕೈಯಿಂದ ಮಗಳನ್ನು ತಿವಿದಳು. ಇಬ್ಬರ ಭುಜವೂ ನಗುವಿಗೆ ಅಲುಗುತ್ತಿತ್ತು. ಹೊರಗಿನ ಪಿಸುಮಾತು ಮುಗಿಯುವ ಹಾಗೆ ಕಾಣಲಿಲ್ಲ. ಎರಡನೆಯ ಗಂಟೆ ಹೊಡೆಯಬೇಕಾದವನೂ ಅಲ್ಲೇ ನಿಂತು ಜಗಳವಾಡುತ್ತಿದ್ದ.

ಹುಡುಗಿ ಗೋಡೆಯ ಕಡೆ ಮುಖ ಇಟ್ಟುಕೊಂಡೇ ಹೇಳಿದಳು: "ಇವತ್ತು ಬಳೆತಾತ. ಮುಂದಿನ ಸಲ ಮಾವ, ಗಿಂಡಿಯಲ್ಲಿ."

ಹೊರಗೆ ಎಲ್ಲ ನಿಂತುಹೋಯಿತು. ಆಮೇಲೆ ಸಣ್ಣಗೆ ನೀರು ಬಿದ್ದ ಸದ್ದು, ಬೆಣಚುಕಲ್ಲಿನ ನಡುವೆ ಇಂಗಿದ ಸದ್ದು. ಆಮೇಲೆ ಮಣ್ಣಿನ ಬಟ್ಟಲು ಕಲ್ಲಿನ ಮೇಲೆ ಅಂಗಾತ ಕೂತ ಸದ್ದು. ಆ ಸದ್ದು ಇಷ್ಟು ಚಿಕ್ಕದಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಮರುಬೆಳಿಗ್ಗೆ ಬಿಸಿಲು ಗೋಡೆ ಹತ್ತಿದಾಗ ಹೂವು ಅರಳಿತು. ಕಳ್ಳಿಗಿಂತ ಹೂವೇ ದೊಡ್ಡದು. ಅಮ್ಮ ಹೊಸಿಲಲ್ಲಿ ನಿಂತು ನೋಡಿ, "ಸೀಬೆಹಣ್ಣು," ಎಂದಳು. ಬೀದಿಯವರು ಒಬ್ಬೊಬ್ಬರಾಗಿ ಬಂದು, ಅದೇ ಮಾತನ್ನು ಅಷ್ಟೇ ಮೆಲ್ಲಗೆ ಹೇಳಿದರು. ಕೊಟ್ಟ ಕೈ ನೋಡಿದರೆ ಹೂವು ಬರುವುದಿಲ್ಲ ಎಂಬ ಮಾತನ್ನು ಗಂಟೆಯಣ್ಣ ಅವತ್ತಿನಿಂದ ಎತ್ತಲಿಲ್ಲ.

ಮೊದಲ ಹೂವಿನ ಊಟ ಆ ದಿನವೇ ಆಯಿತು. ಬೀದಿಯ ಉದ್ದಕ್ಕೂ ಎಲೆ ಹಾಕಿದರು. ಸೌಟು ಅತ್ತೆಯ ಕೈಯಲ್ಲಿ. ಅವಳು ಪಂಕ್ತಿಯಲ್ಲಿ ಬಡಿಸುತ್ತಾ ಬಂದು ಹುಡುಗಿಯ ಮುಂದೆ ನಿಂತು ತುಂಬಿದ ಸೌಟು ಎತ್ತಿದಳು. ಹುಡುಗಿ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಬಳೆ ಸದ್ದಾಯಿತು.

ಸೌಟು ಗಾಳಿಯಲ್ಲಿ ನಿಂತಿತು. ಅತ್ತೆಯ ಮುಖ ಸಣ್ಣದಾಗತೊಡಗಿತು.

ಹುಡುಗಿ ಅವಳನ್ನು ನೋಡಿ ನಕ್ಕು, ಕೈಯನ್ನು ಕೊಂಚ ಸರಿಸಿದಳು.

"ಅರ್ಧ ಸೌಟು ಹಾಕಿ ಅತ್ತೆ."

ಅತ್ತೆ ಅರ್ಧ ಸೌಟೇ ಹಾಕಿದಳು.